ತುಂಬಾ ಪ್ರಶಾಂತ ಸಾರ್!

ಬೆಂಗಳೂರಿನಲ್ಲಿ ಇಬ್ಬರು ಸೇರಿದರೆ ಮೊದಲು ಟ್ರಾಫಿಕ್ಕಿನ ಮಾತು, ಆಮೇಲೆ ಸೈಟಿನ ಮಾತು. ಮೂರನೆಯವರು ಬಂದು ಕೂತರೆ, ಆ ಸೈಟನ್ನು ಅವರಪ್ಪ ಯಾಕೆ ಕೊಳ್ಳಲಿಲ್ಲ ಎಂಬ ಮಾತು. ಇಲ್ಲಿನ ಹಳೆಯ ಮನೆತನಗಳಲ್ಲಿ ಬೆಳ್ಳಿ ಪಂಚಪಾತ್ರೆ ಇಲ್ಲದಿದ್ದರೂ ಕೈತಪ್ಪಿದ ಸೈಟಿನ ಕಥೆ ಒಂದಾದರೂ ಇರುತ್ತದೆ. ಅದನ್ನು ಪಿತ್ರಾರ್ಜಿತ ಆಸ್ತಿಯ ಹಾಗೆ ಮಕ್ಕಳಿಗೆ ಹಂಚಿಕೊಟ್ಟು ಹೋಗುತ್ತಾರೆ.

ನಮಗೂ ಒಂದು ಬಂದಿದೆ. ನಮ್ಮ ತಾತ ಚಾಮರಾಜಪೇಟೆಯ ವಠಾರದಲ್ಲಿದ್ದ ಕಾಲ. ಜಯನಗರಕ್ಕೆ ಅಡಿಗಲ್ಲು ಬಿದ್ದದ್ದು 1948ರಲ್ಲಿ. ಅದಾದ ಸ್ವಲ್ಪ ವರ್ಷಕ್ಕೆ ಪರಿಚಯದವರೊಬ್ಬರು ಮನೆಬಾಗಿಲಿಗೇ ಬಂದು, "ಅರ್ಜಿ ಹಾಕ್ರೀ, ಒಳ್ಳೇ ಸೈಟು ಸಿಗುತ್ತೆ" ಎಂದರಂತೆ. ತಾತ ನಶ್ಯದ ಡಬ್ಬಿ ತಟ್ಟಿ, "ಆ ಕಾಡಿಗೆ ಯಾರಯ್ಯ ಹೋಗ್ತಾರೆ? ಸಂಜೆಯಾದ್ರೆ ನರಿ ಕೂಗುತ್ತೆ" ಎಂದುಬಿಟ್ಟರಂತೆ. ನರಿಗಳು ಹೋದವು, ತಾತನೂ ಹೋದರು. ಉಳಿದದ್ದು ಬಾಡಿಗೆ ರಸೀದಿ ಪುಸ್ತಕ, ಮೂರು ತಲೆಮಾರು. ಆ ನರಿಗಳು ಇವತ್ತೇನಾದರೂ ಜಯನಗರದಲ್ಲಿ ಉಳಿದಿದ್ದರೆ, 'ನೇಚರ್ ವ್ಯೂ' ಎಂದು ಬೋರ್ಡು ಹಾಕಿ ಚದರಡಿಗೆ ಎರಡು ಸಾವಿರ ಹೆಚ್ಚಿಗೆ ಕೇಳುತ್ತಿದ್ದರು.

ಹೀಗೆ ಊರ ಹೊರಗೆ ಪ್ರಶಾಂತವಾದ ಜಾಗ ಹುಡುಕುವುದು ಈ ಊರಿಗೆ ಹೊಸ ಚಟವೇನಲ್ಲ. 1898ರಲ್ಲಿ ಪ್ಲೇಗು ಬಂತು. ಪೇಟೆಯ ಇಕ್ಕಟ್ಟಿನಿಂದ ಜನ ಹೊರಗೆ ಹೋಗಿ ಗಾಳಿ ಬೆಳಕು ಕಾಣಲಿ ಎಂದು ಬಸವನಗುಡಿ, ಮಲ್ಲೇಶ್ವರ ಬೆಳೆದವು. ಬಸವನಗುಡಿ ಗದ್ದಲವಾಯಿತು ಎಂದು ಜಯನಗರಕ್ಕೆ ಹೋದರು. ಜಯನಗರ ಗದ್ದಲವಾಯಿತು ಎಂದು ಜೆ.ಪಿ. ನಗರಕ್ಕೆ. ಅಲ್ಲಿಂದ ಕೋಣನಕುಂಟೆ ಕ್ರಾಸು, ದೊಡ್ಡಕಲ್ಲಸಂದ್ರ, ತಲಘಟ್ಟಪುರ. ಹೋದವರೆಲ್ಲ ಗದ್ದಲದಿಂದ ತಪ್ಪಿಸಿಕೊಂಡೆವು ಎಂದುಕೊಂಡೇ ಹೋದರು. ಆದರೆ ಸಾಮಾನಿನ ಲಾರಿಯಲ್ಲಿ ಮಂಚ, ಬೀರು, ರುಬ್ಬುವ ಕಲ್ಲಿನ ಜೊತೆ ಗದ್ದಲವನ್ನೂ ಕಟ್ಟಿಕೊಂಡು ಹೋಗಿದ್ದರು ಎನ್ನುವುದು ಇಳಿಸಿದ ಮೇಲೆ ಗೊತ್ತಾಗುತ್ತಿತ್ತು.

ನಮ್ಮ ಕಥೆಯೂ ಇದೇ ಲಾರಿಯದು.

ಹನುಮಂತನಗರದ ಬಾಡಿಗೆ ಮನೆಯ ಕೆಳಗೆ ಒಂದು ಕಡೆ ಹಿಟ್ಟಿನ ಗಿರಣಿ, ಇನ್ನೊಂದು ಕಡೆ ಗಾಡಿ ರಿಪೇರಿ. ಒಂದು ದಿನ ನನ್ನಾಕೆ ಕುಕ್ಕರಿನ ಸೀಟಿ ಎಣಿಸುವಾಗ ಗಿರಣಿಯೂ ಕೂಗಿ, ಸ್ಕೂಟರೂ ಕೂಗಿ, ಮೂರು ಸೀಟಿಯ ಬೇಳೆ ಹತ್ತು ಸೀಟಿಯಾಗಿ ತಳ ಹಿಡಿಯಿತು. ಅವತ್ತೇ ತೀರ್ಪಾಯಿತು: "ರೀ, ಸಾಕಪ್ಪ ಸಾಕು. ಎಲ್ಲಾದ್ರೂ ಪ್ರಶಾಂತವಾದ ಕಡೆ ಒಂದು ಮೂವತ್ತು ನಲವತ್ತು ನೋಡಿ."

ಮೂವತ್ತು ನಲವತ್ತು ಎಂದರೆ ಏನೆಂದು ಬೆಂಗಳೂರಿನವರಿಗೆ ಹೇಳಬೇಕಾಗಿಲ್ಲ. 30 ಅಡಿಗೆ 40 ಅಡಿ, 1200 ಚದರಡಿ. ಮಧ್ಯಮ ವರ್ಗದ ಕನಸಿನ ಉದ್ದಗಲ. ಇಲ್ಲಿ ಜಾತಿ ಗೋತ್ರಕ್ಕಿಂತ ಸೈಟಿನ ಅಳತೆ ಬೇಗ ತಿಳಿಯುತ್ತದೆ. ಇಪ್ಪತ್ತು ಮೂವತ್ತು ಎಂದರೆ, "ಚಿಕ್ಕದೇ, ಆದ್ರೂ ಸ್ವಂತದ್ದು." ಮೂವತ್ತು ನಲವತ್ತು ಎಂದರೆ, "ಪರವಾಗಿಲ್ಲ, ಸಾಲ ಇದೆ." ನಲವತ್ತು ಅರವತ್ತು ಎಂದರೆ ಅಪ್ಪ ಬುದ್ಧಿವಂತ. ಐವತ್ತು ಎಂಬತ್ತು ಎಂದರೆ ನಾಯಿಗೂ ಪ್ರತ್ಯೇಕ ರೂಮು. ಹಳ್ಳಿಯಿಂದ ಬಂದ ನಮ್ಮ ಮಾವನವರಿಗೆ ಈ ಲೆಕ್ಕ ಕೇಳಿದರೆ ನಗು. ಅವರದು ಗುಂಟೆಯ ಲೆಕ್ಕ: 33 ಅಡಿಗೆ 33 ಅಡಿ ಒಂದು ಗುಂಟೆ, ನಲವತ್ತು ಗುಂಟೆಗೆ ಎಕರೆ. "ಒಂದು ಗುಂಟೆ ಮೇಲೆ ಸ್ವಲ್ಪ ಚಿಲ್ಲರೆ. ಇಷ್ಟಕ್ಕೆ ಅರವತ್ತು ಲಕ್ಷವೇ! ನಮ್ಮೂರಲ್ಲಿ ಇಷ್ಟಗಲ ಜಾಗದಲ್ಲಿ ತಿಪ್ಪೆ ಇರ್ತದೆ ಅಳಿಯಂದ್ರೇ" ಎಂದರು. ಅಳಿಯಂದಿರು ಸುಮ್ಮನಾದರು. ಡೌನ್ ಪೇಮೆಂಟಿಗೆ ಅವರ ಸಹಾಯ ಬೇಕಿತ್ತು.

ಬ್ರೋಕರ್ ಮಹಾಶಯರು ಪ್ರವೇಶ ಮಾಡಿದ್ದು ಆಗ. ಹಣೆಗೆ ಕುಂಕುಮ, ಕಂಕುಳಲ್ಲಿ ರೆಕ್ಸಿನ್ ಬ್ಯಾಗು, ಎರಡು ಕಿವಿಗೆ ಎರಡು ಫೋನು. ಅವರ ವ್ಯಾಕರಣದಲ್ಲಿ ಒಂದೇ ಕಾಲ ಇತ್ತು, ಭವಿಷ್ಯತ್ಕಾಲ. ರಸ್ತೆ ಎಲ್ಲಿ ಎಂದರೆ "ಬರುತ್ತೆ ಸಾರ್." ಒಳಚರಂಡಿ? "ಬರುತ್ತೆ." ನೀರು? "ಕಾವೇರಿ ಬರುತ್ತೆ ಸಾರ್, ಪೈಪ್ ಸ್ಯಾಂಕ್ಷನ್ ಆಗಿದೆ." ಮೆಟ್ರೋ? "ಬಂದೇಬಿಡ್ತು ಅನ್ಕೊಳ್ಳಿ!" ಕಮಿಷನ್ನಿನ ಮಾತು ಬಂದಾಗ ಮಾತ್ರ ಥಟ್ಟನೆ ವರ್ತಮಾನಕ್ಕೆ ಇಳಿಯುತ್ತಿದ್ದರು: "ಎರಡು ಪರ್ಸೆಂಟು. ರಿಜಿಸ್ಟ್ರೇಷನ್ ಟೇಬಲ್ ಮೇಲೇ."

ಅವರ ಐದು ನಿಮಿಷ ನಮ್ಮ ಗಡಿಯಾರದ್ದಲ್ಲ. "ಕನಕಪುರ ಮೇನ್ ರೋಡಿಂದ ಐದೇ ನಿಮಿಷ" ಎಂದ ಜಾಗಕ್ಕೆ ಇಪ್ಪತ್ತೈದು ನಿಮಿಷ ಹಿಡಿಯಿತು. ನಾನು ವಾಚು ತೋರಿಸಿದೆ. ಅವರು ಬೇಸರಿಸಿಕೊಳ್ಳದೆ, "ಈಗ ಹಗಲು ಅಲ್ವಾ ಸಾರ್" ಎಂದರು. ಅಂದರೆ ಆ ಐದು ನಿಮಿಷ ರಾತ್ರಿ ಎರಡು ಗಂಟೆಯದು. ನಡುರಾತ್ರಿ ಆಫೀಸು, ಸ್ಕೂಲು ಇಟ್ಟುಕೊಂಡವರಿಗೆ ಬಹಳ ಅನುಕೂಲ.

ಮೂರು ತಿಂಗಳಲ್ಲಿ ಹದಿನೇಳು ಸೈಟು ನೋಡಿದೆವು. ಒಂದು ಮುಂದೆ ಅಗಲ, ಹಿಂದೆ ಕಿರಿದು: "ಅಯ್ಯೋ, ವ್ಯಾಘ್ರಮುಖ" ಎಂದರು ಅತ್ತೆ. ಹಿಂದೆ ಅಗಲವಾದ ಗೋಮುಖದ್ದು ಸಿಕ್ಕಿತು, ಅದಕ್ಕೆ ನೇರ ಎದುರಿಗೆ ರಸ್ತೆ ಬಂದು ಗುದ್ದುತ್ತಿತ್ತು: "ಬೀದಿ ಕುತ್ತು." ಇನ್ನೊಂದರ ಈಶಾನ್ಯದಲ್ಲಿ ಟ್ರಾನ್ಸ್‌ಫಾರ್ಮರು. ದೇವಮೂಲೆಯಲ್ಲಿ ಹನ್ನೊಂದು ಸಾವಿರ ವೋಲ್ಟಿನ ದೇವರು ಕೂತಿದ್ದರೆ ಪೂಜೆ ಮಾಡುವವರಾರು? ಹದಿನೆಂಟನೆಯದು ಅಚ್ಚುಕಟ್ಟಾದ ಆಯತ, ಪೂರ್ವಕ್ಕೆ ರಸ್ತೆ, ಬ್ಯಾಂಕು ಸಾಲ ಕೊಡುವಂಥದ್ದು. ಪೂರ್ವದ ಬಾಗಿಲಿಗೆ ಚದರಡಿಗೆ ಇನ್ನೂರು ರೂಪಾಯಿ ಹೆಚ್ಚು. ಸೂರ್ಯ ಎಲ್ಲರಿಗೂ ಬಿಟ್ಟಿಯಾಗಿ ಹುಟ್ಟುತ್ತಾನೆ ಎಂದುಕೊಂಡಿದ್ದೆ. 1200 ಚದರಡಿಗೆ ಎರಡು ಲಕ್ಷದ ನಲವತ್ತು ಸಾವಿರಕ್ಕೆ ಹುಟ್ಟುತ್ತಾನಂತೆ.

ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆ. ಕಾರಿನಿಂದ ಇಳಿದೆವು. ಪಕ್ಕದ ಖಾಲಿ ಸೈಟುಗಳಲ್ಲಿ ಮೊಣಕಾಲೆತ್ತರ ಹುಲ್ಲು, ಒಂದು ಎಮ್ಮೆ, ಎಮ್ಮೆಯ ಮೇಲೆ ಒಂದು ಬೆಳ್ಳಕ್ಕಿ. ತುರಹಳ್ಳಿ ಕಾಡಿನ ಕಡೆಯಿಂದ ತಣ್ಣನೆ ಗಾಳಿ. ಬ್ರೋಕರು ಎರಡೂ ಫೋನು ಸೈಲೆಂಟ್ ಮಾಡಿದರು. ಅದೊಂದು ಕಲೆ. ಒಂದು ನಿಮಿಷ ನಮ್ಮನ್ನು ಸುಮ್ಮನೆ ನಿಲ್ಲಿಸಿ, ಆಮೇಲೆ ದೇವಸ್ಥಾನದಲ್ಲಿ ಮಾತಾಡುವ ದನಿಯಲ್ಲಿ, "ಕೇಳಿಸ್ತಾ ಸಾರ್?" ಎಂದರು.

"ಏನು?"

"ಏನೂ ಇಲ್ಲ ಅಲ್ವಾ? ಅದೇ ಸಾರ್. ತುಂಬಾ ಪ್ರಶಾಂತ."

ನನ್ನಾಕೆ ಕಣ್ಣು ಮುಚ್ಚಿ ಆ 'ಏನೂ ಇಲ್ಲ'ವನ್ನು ಕೇಳಿಸಿಕೊಂಡಳು. ಅದೇ ಉಸಿರಿನಲ್ಲಿ ಬ್ರೋಕರು ಬೆರಳು ಮಡಿಸತೊಡಗಿದರು: "ಆ ಕಡೆ ಮಾಲ್ ಬರುತ್ತೆ. ಈ ಕಡೆ ಇಂಟರ್‌ನ್ಯಾಷನಲ್ ಸ್ಕೂಲು. ಹಿಂದೆ ಅಪಾರ್ಟ್‌ಮೆಂಟು, ನಾನೂರು ಫ್ಲ್ಯಾಟು. ಮುಂದಿನ ರಸ್ತೆ ಎಂಬತ್ತು ಅಡಿ ಆಗುತ್ತೆ. ಮೆಟ್ರೋ ಬಂದ್ರೆ ರೇಟು ಡಬಲ್!" ನಾನು ತಲೆಯಾಡಿಸಿದೆ. ಒಳಗೊಳಗೇ ಡಬಲ್ ಲೆಕ್ಕ ಹಾಕಿದೆ. ಒಂದು ಕಿವಿಗೆ ಪ್ರಶಾಂತತೆ ಬೇಕು, ಇನ್ನೊಂದು ಕಿವಿಗೆ ರೇಟು ಏರುವ ಸದ್ದು ಬೇಕು. ಮಾರುವವರು ಎರಡನ್ನೂ ಒಂದೇ ತಟ್ಟೆಯಲ್ಲಿಟ್ಟು ತರುತ್ತಾರೆ, ಕೊಳ್ಳುವವರು ಎರಡನ್ನೂ ಕಲಸಿಕೊಂಡು ಉಣ್ಣುತ್ತೇವೆ. ಅಜೀರ್ಣವಾದರೆ ಬೈಯುವುದು ಬಡಿಸಿದವರನ್ನು.

ಆಮೇಲೆ ಕಾಗದಪತ್ರಗಳ ಪರ್ವ. ಹುಡುಗನ ಕಡೆಯವರು ರಕ್ತದ ಗುಂಪು ವಿಚಾರಿಸುವ ಹಾಗೆ ಎಲ್ಲರೂ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಎ ಖಾತಾನೋ, ಬಿ ಖಾತಾನೋ?" 'ಎ' ಎಂದರೆ ನೆಂಟರ ಮುಖ ಅರಳುತ್ತಿತ್ತು, 'ಬಿ' ಎಂದರೆ ಹೋಗಿಬರುತ್ತೇವೆ ಎಂದು ಏಳುತ್ತಿದ್ದರು. ನಮ್ಮ ವಕೀಲರು ಹಳೇ ಕಾಲದವರು, ಮೂಗಿನ ತುದಿಯ ಮೇಲೆ ಕನ್ನಡಕ. "ಖಾತೆ ಅಂದ್ರೆ ಒಡೆತನ ಅಲ್ಲ ಕಣ್ರೀ. ಕಂದಾಯ ಯಾರ ಹತ್ರ ವಸೂಲಿ ಮಾಡ್ಬೇಕು ಅನ್ನೋದಕ್ಕೆ ಪುಸ್ತಕದಲ್ಲಿ ಬರ್ಕೊಂಡಿರೋದು. ಒಡೆತನ ಕ್ರಯಪತ್ರದಲ್ಲಿದೆ, ಅದರ ಹಿಂದಿನ ಕ್ರಯಪತ್ರದಲ್ಲಿದೆ, ಅದರ ಹಿಂದಿನ ಮೂಲಪತ್ರದಲ್ಲಿದೆ. ತಗೊಂಡು ಬನ್ನಿ ಎಲ್ಲ" ಎಂದರು.

ತಂದೆವು. ಮೂವತ್ತು ವರ್ಷದ ಇ.ಸಿ., ಅಂದರೆ ಋಣಭಾರ ಪ್ರಮಾಣಪತ್ರ, ತಂದೆವು. ಅದರಲ್ಲಿ ನೋಂದಣಿಯಾದ ವ್ಯವಹಾರ ಇದ್ದರೆ ಫಾರಂ 15, ಇಲ್ಲದಿದ್ದರೆ ಫಾರಂ 16. "ಇದರಲ್ಲಿ ಕಾಣೋದು ನೋಂದಣಿ ಆಗಿದ್ದು ಮಾತ್ರ. ಅಣ್ಣ ತಮ್ಮಂದಿರು ಜಗುಲಿ ಮೇಲೆ ಕೂತು ಬಿಳೀ ಹಾಳೇಲಿ ಬರ್ಕೊಂಡಿದ್ದು ಕಾಣಲ್ಲ" ಎಂದು ಅದನ್ನು ಪಕ್ಕಕ್ಕಿಟ್ಟರು. ಪಹಣಿ ತಂದೆವು, ಮ್ಯುಟೇಷನ್ ತಂದೆವು, ಕೃಷಿ ಜಮೀನು ವಾಸಕ್ಕೆ ಪರಿವರ್ತನೆಯಾದ ಜಿಲ್ಲಾಧಿಕಾರಿ ಆದೇಶ ತಂದೆವು, ಬಡಾವಣೆಯ ಮಂಜೂರಾದ ನಕ್ಷೆ ತಂದೆವು. ನಕ್ಷೆಯ ಮೇಲೆ ಸ್ಕೇಲು ಇಟ್ಟು, ರಾಜಕಾಲುವೆ ನಮ್ಮ ಸೈಟಿನ ಅಡುಗೆಮನೆಯಲ್ಲಿ ಹರಿಯುವುದಿಲ್ಲ ಎಂದು ಖಾತ್ರಿಪಡಿಸಿಕೊಂಡರು. ಆಮೇಲೆ ಕೇಳಿದರು: "ವಂಶವೃಕ್ಷ?"

"ನಮ್ಮದಾ ಸಾರ್?"

"ನಿಮ್ಮದು ಯಾರಿಗೆ ಬೇಕು? ಜಮೀನಿನ ಮೂಲ ರೈತರದ್ದು."

ನಮ್ಮ ಮುತ್ತಜ್ಜಿಯ ಹೆಸರು ನನಗೆ ಗೊತ್ತಿಲ್ಲ. ಆದರೆ ಆ ರೈತರ ಮನೆಯಲ್ಲಿ ಹಿರಿಯರಿಗೆ ಇಬ್ಬರು ಹೆಂಡಿರು, ಮೂವರು ಗಂಡುಮಕ್ಕಳು, ನಾಲ್ವರು ಹೆಣ್ಣುಮಕ್ಕಳು, ಎರಡನೆಯವನು ಅವಿವಾಹಿತ, ಕಿರಿಮಗಳನ್ನು ಪಕ್ಕದೂರಿಗೆ ಕೊಟ್ಟಿದ್ದು ಎಂದು ಇಂದಿಗೂ ಬಾಯಿಪಾಠ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ತಿದ್ದುಪಡಿ ಬಂದಮೇಲೆ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲು. ಅವರ ಸಹಿ ಇಲ್ಲದ ಪತ್ರ ಮುಟ್ಟಬೇಡಿ ಎಂದು ವಕೀಲರ ಉಪದೇಶ. ನಾಲ್ವರ ಹೆಬ್ಬೆಟ್ಟೂ ಇದೆಯೇ ಎಂದು ಎಣಿಸಿದರು. ಇತ್ತು. ನಾಲ್ಕನೆಯ ಹೆಬ್ಬೆಟ್ಟು ಮಾತ್ರ ಸ್ವಲ್ಪ ಓರೆ, ಕಾಗದದ ಅಂಚಿಗೆ ಜಾರಿದಂತೆ ಇತ್ತು.

ಆ ಕಟ್ಟಿನ ತಳದಲ್ಲಿ ಒಂದು ಹಳೆಯ ಪತ್ರದ ನಕಲು ಸಿಕ್ಕಿತು. ಮಡಿಕೆಯಲ್ಲಿ ಹರಿದಿತ್ತು, ಮೋಡಿ ಅಕ್ಷರದಂಥ ಬರಹ. ವಕೀಲರು ಅದನ್ನು ರಾಗವಾಗಿ ಓದಿದರು. ಜಮೀನನ್ನು ಬರಿದೇ ಕೊಟ್ಟಿರಲಿಲ್ಲ, 'ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ' ಎಂಬ ಅಷ್ಟಭೋಗ ತೇಜಸ್ವಾಮ್ಯ ಸಹಿತ ಕೊಟ್ಟಿದ್ದರು. ನಮ್ಮ ಹಳೆಯ ಶಾಸನಗಳಲ್ಲಿ ರಾಜರು ಭೂಮಿ ದಾನ ಕೊಡುವಾಗಲೂ ಇದೇ ಮಾತು. ನೆಲದೊಳಗಿನ ನಿಧಿ ನಿನ್ನದು, ಹೂತಿಟ್ಟದ್ದು ನಿನ್ನದು, ನೀರು ನಿನ್ನದು, ಕಲ್ಲು ನಿನ್ನದು, ಈಗ ಬರುತ್ತಿರುವುದೂ ಮುಂದೆ ಬರುವುದೂ ಆದದ್ದೂ ಆಗಬಹುದಾದದ್ದೂ ನಿನ್ನದು. ನಾನು ಬೆರಳು ಮಡಿಸಿ ಎಣಿಸಿದೆ. ಎಂಟೇ. ಪ್ರಶಾಂತತೆ ಅದರಲ್ಲಿ ಇರಲಿಲ್ಲ. ಸಾವಿರ ವರ್ಷದಿಂದ ಈ ನಾಡಿನಲ್ಲಿ ಭೂಮಿಯ ಕಾಗದ ಬರೆದ ಯಾವ ಕರಣಿಕನೂ ಅದನ್ನು ಕೊಡುತ್ತೇನೆಂದು ಬರೆಯುವ ಧೈರ್ಯ ಮಾಡಿಲ್ಲ. ನಮ್ಮ ಬ್ರೋಕರಿಗೆ ಪರಿಚಯವಿದ್ದದ್ದು ಈ ಎಂಟರಲ್ಲಿ ಒಂದೇ, ಆಗಾಮಿ.

ಅದೇ ಪತ್ರದ ಚಕ್ಕುಬಂದಿ ಹೀಗಿತ್ತು: ಪೂರ್ವಕ್ಕೆ ಗಾಡಿ ಓಣಿ, ಪಶ್ಚಿಮಕ್ಕೆ ಹಲಸಿನ ಮರ, ಉತ್ತರಕ್ಕೆ ಕೆರೆಗೆ ಹೋಗುವ ಕಾಲುವೆ, ದಕ್ಷಿಣಕ್ಕೆ ಅಣ್ಣನ ಪಾಲಿನ ಹೊಲ. ನಮ್ಮ ಕ್ರಯಪತ್ರದ ಚಕ್ಕುಬಂದಿ: ಪೂರ್ವಕ್ಕೆ 30 ಅಡಿ ರಸ್ತೆ, ಪಶ್ಚಿಮಕ್ಕೆ ಸೈಟ್ ನಂಬರ್ 62, ಉತ್ತರಕ್ಕೆ ಸೈಟ್ ನಂಬರ್ 46, ದಕ್ಷಿಣಕ್ಕೆ ಸೈಟ್ ನಂಬರ್ 48. ಹಲಸಿನ ಮರಕ್ಕೆ ಯಾವ ನಂಬರ್ ಬಿತ್ತೋ ತಿಳಿಯಲಿಲ್ಲ.

ನೋಂದಣಿ ಆದದ್ದು 2019ರಲ್ಲಿ. ಅರವತ್ತು ಲಕ್ಷಕ್ಕೆ ಮುದ್ರಾಂಕ ಶುಲ್ಕ 5 ಪರ್ಸೆಂಟ್, ಅಂದರೆ ಮೂರು ಲಕ್ಷ. ಆ ಮೂರು ಲಕ್ಷದ ಮೇಲೆ ಸೆಸ್ಸು ಮೂವತ್ತು ಸಾವಿರ, ಸರ್‌ಚಾರ್ಜು ಆರು ಸಾವಿರ. ನೋಂದಣಿ ಶುಲ್ಕ 1 ಪರ್ಸೆಂಟ್, ಅರವತ್ತು ಸಾವಿರ. ಒಟ್ಟು 3,96,000. ಐವತ್ತು ಲಕ್ಷ ದಾಟಿದ್ದಕ್ಕೆ ಮಾರುವವರ ಹಣದಲ್ಲೇ 1 ಪರ್ಸೆಂಟ್ ಟಿಡಿಎಸ್ ಹಿಡಿದು ನಾವೇ ಕಟ್ಟಬೇಕು. ಅವರ ತೆರಿಗೆಗೆ ನಾವು ಗುಮಾಸ್ತರು. ಈಗ ಕೊಳ್ಳುವವರು ನಮ್ಮನ್ನು ಕಂಡು ಹೊಟ್ಟೆ ಉರಿದುಕೊಳ್ಳಬಹುದು: 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ 2 ಪರ್ಸೆಂಟ್ ಆಗಿದೆ, ಅದೇ ಸೈಟು ಅದೇ ಬೆಲೆಗೆ ಸಿಕ್ಕರೂ, ಸಿಗುವುದಿಲ್ಲ ಬಿಡಿ, ಇನ್ನೂ ಅರವತ್ತು ಸಾವಿರ ಸೇರಿಸಬೇಕು.

ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಕೂತೆವು. ಅಲ್ಲಿನ ಕ್ಯಾಮೆರಾದಲ್ಲಿ ಎಂಥ ಸಜ್ಜನರೂ ಸರಗಳ್ಳರ ಹಾಗೆ ಬೀಳುತ್ತಾರೆ. ನನ್ನಾಕೆ ರೇಷ್ಮೆ ಸೀರೆ ಉಟ್ಟು ಹೋಗಿದ್ದಳು. ಪತ್ರದಲ್ಲಿ ನೋಡಿದರೆ ರೇಷ್ಮೆ ಸೀರೆ ಕದ್ದವಳ ಹಾಗೆ ಬಂದಿದ್ದಾಳೆ. 2023ರಲ್ಲಿ ಕಾವೇರಿ-2 ಎಂಬ ತಂತ್ರಾಂಶ ಬಂದು, ಮೊದಲೇ ಕಾಗದ ಅಪ್‌ಲೋಡ್ ಮಾಡಿ ಸಮಯ ಗೊತ್ತುಮಾಡಿಕೊಂಡು ಹೋಗುವ ಅನುಕೂಲವಾಗಿದೆ. ಬ್ರೋಕರು "ಕಾವೇರಿ ಬರುತ್ತೆ" ಎಂದದ್ದು ಸುಳ್ಳಾಗಲಿಲ್ಲ, ಕಂಪ್ಯೂಟರಿಗೆ ಮೊದಲು ಬಂತು. ನಮ್ಮ ಜಾಗ 2007ರಲ್ಲಿ ನಗರಕ್ಕೆ ಸೇರಿಸಿಕೊಂಡ 110 ಹಳ್ಳಿಗಳಲ್ಲೊಂದು. ಆ ಹಳ್ಳಿಗಳಿಗೆಂದೇ ಮಾಡಿದ ಕಾವೇರಿ ಐದನೇ ಹಂತ, ದಿನಕ್ಕೆ 77.5 ಕೋಟಿ ಲೀಟರಿನದು, ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ಹದಿನೇಳು ವರ್ಷ. ಹಳ್ಳಿ ಸೇರುವಾಗ ಹುಟ್ಟಿದ ಮಗು ಪಿಯುಸಿ ಮುಗಿಸುವಷ್ಟರಲ್ಲಿ ನೀರು ಬಂತು.

ಅದುವರೆಗೆ ಟ್ಯಾಂಕರು. ಬೆಳಿಗ್ಗೆ ಐದಕ್ಕೆ ರಿವರ್ಸ್ ಬರುವಾಗ ಅದು ಹಾಡುವ ಹಾಡು ನಮ್ಮ ಬೀದಿಯ ಸುಪ್ರಭಾತ.

ಇನ್ನು ಶಬ್ದದ ವಿಷಯ. ಆ ಬಡಾವಣೆಯಲ್ಲಿ ಮೊದಲು ಗದ್ದಲ ಎಬ್ಬಿಸಿದವರು ಯಾರು ಗೊತ್ತೇ? ನಾವೇ. ಮನೆ ಕಟ್ಟಲು ಶುರು ಮಾಡಿದೆವಲ್ಲ. ಬೋರ್‌ವೆಲ್ ಲಾರಿ ರಾತ್ರಿ ಹತ್ತೂವರೆಗೆ ಬಂತು. ಅದರ ಜೊತೆ ಕಂಪ್ರೆಸರ್ ಲಾರಿ. ರಾತ್ರಿಯಿಡೀ ನೆಲ ನಡುಗಿತು. ಬಂಡೆ ಸಿಕ್ಕಾಗ ಒಂದು ಸದ್ದು, ಮಣ್ಣು ಸಿಕ್ಕಾಗ ಒಂದು ಸದ್ದು, ಬೂದಿಯಂಥ ಕಲ್ಲುಪುಡಿ ಮೇಲೆದ್ದು ಸುತ್ತಲ ಹುಲ್ಲೆಲ್ಲ ಬಿಳಿ. ನಾವು ಕಿವಿಗೆ ಹತ್ತಿ ಇಟ್ಟುಕೊಂಡು, ಕೈಮುಗಿದುಕೊಂಡು ನಿಂತಿದ್ದೆವು. ಒಂಬೈನೂರ ಎಂಬತ್ತು ಅಡಿಗೆ ಬೆರಳು ದಪ್ಪ ನೀರು ಬಿತ್ತು. ನನ್ನಾಕೆ ಆನಂದಬಾಷ್ಪ ಸುರಿಸಿದಳು. ಅದನ್ನೂ ಸೇರಿಸಿದರೆ ಒಂದೂಕಾಲು ಇಂಚು.

ಮರುದಿನದಿಂದ ಜಲ್ಲಿ, ಎಂ-ಸ್ಯಾಂಡು. ಭಾರಿ ಲಾರಿಗಳಿಗೆ ಹಗಲು ನಗರದಲ್ಲಿ ನಿರ್ಬಂಧ. ಹಾಗಾಗಿ ಅವು ರಾತ್ರಿ ಒಂದಕ್ಕೆ ಬಂದು ಗುಡುಗಿನಂತೆ ಸುರಿದು ಹೋಗುತ್ತಿದ್ದವು. ಆಮೇಲೆ ಕಾಂಕ್ರೀಟು ಮಿಕ್ಸರು, ಕಂಬಿ ಕತ್ತರಿಸುವುದು, ಕೊನೆಗೆ ಟೈಲ್ಸ್ ಕತ್ತರಿಸುವ ಮೆಶೀನು. ಹಲ್ಲಿನ ಡಾಕ್ಟರು ಇಡೀ ಬೀದಿಯ ಹಲ್ಲನ್ನು ಒಟ್ಟಿಗೆ ಕೊರೆದಂತಹ ಸದ್ದು ಅದು. ಎದುರಿನ ಸಾಲಿನಲ್ಲಿ ಆಗ ಇದ್ದದ್ದು ಒಂದೇ ಮನೆ, ನಿವೃತ್ತ ಮೇಷ್ಟ್ರದ್ದು. ಒಂದು ಸಂಜೆ ಅವರು ಬನಿಯನ್ ಮೇಲೆ ಶಲ್ಯ ಹೊದ್ದು ಬಂದು, ಸಿಮೆಂಟ್ ಮೂಟೆಯ ಮೇಲೆ ಕೂತು, ಬೇಸರದಿಂದ ಹೇಳಿದರು:

"ರೀ ಸ್ವಾಮಿ, ತಪ್ಪು ತಿಳೀಬೇಡಿ. ನಾವು ಪ್ರಶಾಂತವಾಗಿದೆ ಅಂತ ಇಲ್ಲಿಗೆ ಬಂದ್ವಿ. ನೀವು ಬರೋಕೆ ಮುಂಚೆ ಎಷ್ಟು ಚೆನ್ನಾಗಿತ್ತು ಗೊತ್ತಾ?"

ನನಗೆ ನಗು, ನಾಚಿಕೆ ಎರಡೂ ಬಂತು. ಗದ್ದಲದಿಂದ ಓಡಿಬಂದವನು ನಾನು ಎಂದುಕೊಂಡಿದ್ದೆ. ಮೇಷ್ಟ್ರ ಲೆಕ್ಕದಲ್ಲಿ ಬೆನ್ನಟ್ಟಿಕೊಂಡು ಬಂದ ಗದ್ದಲವೇ ನಾನು. ಕಾಫಿ ತರಿಸಿಕೊಟ್ಟೆ. ಮೂರು ವರ್ಷದ ಮೇಲೆ ನಮ್ಮ ಪಕ್ಕದ 48ರವರು ಪಾಯ ತೋಡಿಸಿದಾಗ, ಅದೇ ಮಾತನ್ನು ಅದೇ ದನಿಯಲ್ಲಿ ಅವರಿಗೆ ಹೇಳಿ ಬಂದೆ. ಅವರೂ ಕಾಫಿ ಕೊಟ್ಟರು. ಅದೀಗ ನಮ್ಮ ಬೀದಿಯ ಸಂಪ್ರದಾಯ.

2021ರ ಜನವರಿಯಲ್ಲಿ ಮೆಟ್ರೋ ಹಸಿರು ಮಾರ್ಗ ಯಲಚೇನಹಳ್ಳಿಯಿಂದ ರೇಷ್ಮೆ ಸಂಸ್ಥೆಯವರೆಗೆ ಬಂದೇಬಿಟ್ಟಿತು. ಬ್ರೋಕರ ಭವಿಷ್ಯ ನಿಜವಾದಾಗ ಆಗುವ ಆಘಾತಕ್ಕೆ ನಾವು ಸಿದ್ಧರಿರಲಿಲ್ಲ. ರೇಟು ಏರಿತು, ಅದರ ಜೊತೆ ಪೇಯಿಂಗ್ ಗೆಸ್ಟ್ ಬೋರ್ಡುಗಳು ಎದ್ದವು, ದರ್ಶಿನಿಗಳು ಬಂದವು, ಕಲ್ಯಾಣಮಂಟಪ ಬಂತು. ಸೆಪ್ಟೆಂಬರಿನಲ್ಲಿ ಗಣಪತಿ, ನವೆಂಬರ್ ಪೂರ್ತಿ ರಾಜ್ಯೋತ್ಸವ, ನಡುವೆ ಅಣ್ಣಮ್ಮ ದೇವಿ. ಮೂವರಿಗೂ ಒಂದೇ ಆರ್ಕೆಸ್ಟ್ರಾ. ಈಗ ನನ್ನಾಕೆ ಕುಕ್ಕರಿನ ಸೀಟಿಯನ್ನು ಕಿವಿಯಿಂದ ಎಣಿಸುವುದು ಬಿಟ್ಟು, ಮುಂದೆ ನಿಂತು ಕಣ್ಣಿನಿಂದ ಎಣಿಸುತ್ತಾಳೆ.

ವಿಳಾಸವೂ ಒಂದೇ ಕಡೆ ನಿಲ್ಲುತ್ತಿಲ್ಲ. ನಾವು ಕೂತಲ್ಲೇ ಕೂತಿದ್ದೇವೆ. ಊರು ನಮ್ಮ ಮೇಲೆ ಹಾದುಹೋಗುತ್ತಿದೆ. ಹಳ್ಳಿಯಾಗಿದ್ದದ್ದು ಬಿಬಿಎಂಪಿಯಾಯಿತು, 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾದವು. ಅದೇ ವರ್ಷ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಾಯಿತು. ಮೊನ್ನೆ ನಮ್ಮ ಬ್ರೋಕರು ಸಿಕ್ಕಿದ್ದರು, ಈಗ ಕಾರು. "ಬೆಂಗಳೂರು ಸೌತಲ್ಲಿ ಒಂದು ಹೊಸ ಲೇಔಟು ಸಾರ್, ತುಂಬಾ ಪ್ರಶಾಂತ" ಎಂದರು. ಎಲ್ಲಿ ಎಂದೆ. "ಚನ್ನಪಟ್ಟಣದ ಹತ್ರ." ಒಂದಕ್ಷರ ಸುಳ್ಳಿಲ್ಲ. ಸರ್ಕಾರವೇ ಅವರ ಕಡೆ ಇರುವಾಗ ನಾನ್ಯಾವ ಲೆಕ್ಕ?

ನಮ್ಮ ಬೀದಿಯ ತುದಿಯಲ್ಲಿ ಬೆಳಿಗ್ಗೆ ಒಬ್ಬ ಅಜ್ಜಿ ಗೋಣಿತಾಟು ಹಾಸಿ ಸೊಪ್ಪು ಮಾರುತ್ತಾಳೆ. ದಂಟು, ಸಬ್ಬಸಿಗೆ, ಮಳೆ ಬಿದ್ದ ವಾರದಲ್ಲಿ ಬೆರಕೆ ಸೊಪ್ಪು. ಒಂದು ದಿನ ಆರ್ಕೆಸ್ಟ್ರಾದವರು ಹಿಂದಿನ ರಾತ್ರಿ ಹನ್ನೆರಡರವರೆಗೆ ಬಾರಿಸಿದ್ದರು, ನಾನು ಕಣ್ಣುಜ್ಜಿಕೊಂಡು ಹೋಗಿ, "ಏನಜ್ಜಿ, ಮೊದಲೆಲ್ಲ ಇಲ್ಲಿ ಎಷ್ಟು ಪ್ರಶಾಂತವಾಗಿತ್ತು, ಅಲ್ವಾ?" ಎಂದೆ. ಹಳಬನ ಗತ್ತಿನಲ್ಲಿ.

ಅಜ್ಜಿ ಕೊತ್ತಂಬರಿ ಕಟ್ಟಿಗೆ ನೀರು ಚಿಮುಕಿಸುತ್ತ ತಲೆಯೆತ್ತಲಿಲ್ಲ. "ಎಲ್ಲಿ ಸಾಮಿ ಪ್ರಸಾಂತ? ಸುಗ್ಗೀಲಿ ರಾತ್ರಿಯೆಲ್ಲ ಕಣ ಮಾಡೋರು, ರೋಣಗಲ್ಲು ಉರುಳೋದು, ಎತ್ತಿನ ಗೆಜ್ಜೆ, ಹೆಂಗಸ್ರು ಪದ ಹೇಳೋರು. ಹಲಸಿನ ಹಣ್ಣು ಆದ್ರೆ ಹುಡುಗ್ರ ಗಲಾಟೆ. ನಮ್ಮಪ್ಪ ಕವಣೆ ತಗೊಂಡು ಗಿಳಿ ಓಡಿಸ್ತಾ ಕೂಗ್ತಾನೇ ಇರೋನು. ನಿಮ್ಮನೆ ಹಿಂದ್ಗಡೆ ಆ ಮರ ಇದ್ದಿದ್ದು. ಸದ್ದು ನಿಂತಿದ್ದು ಲೇಔಟು ಮಾಡಿ ಕಲ್ಲು ನೆಟ್ಟ ಮೇಲೆ. ಆಗ ಒಂದ್ಹತ್ತು ವರ್ಸ ಇಲ್ಲಿ ಏನೂ ಇರ್ಲಿಲ್ಲ."

ಕಟ್ಟು ಕೊಡುವಾಗ ಅವಳ ಹೆಬ್ಬೆರಳು ನೋಡಿದೆ. ಕುಡುಗೋಲು ತಾಗಿತ್ತೇನೋ, ತುದಿ ಓರೆಯಾಗಿತ್ತು. ವಕೀಲರ ಮೇಜಿನ ಮೇಲೆ ಕಂಡದ್ದು ಇದೇ ಬೆರಳೋ ಬೇರೆಯದೋ, ಕೇಳುವುದು ಸರಿ ಕಾಣಲಿಲ್ಲ. "ಅಜ್ಜಿ, ನೀವು ಎಷ್ಟನೇ ಮಗಳು?" ಎಂದಷ್ಟೇ ಕೇಳಿದೆ. "ಕಿರೀಮಗಳು. ನಿಮಗ್ಯಾಕೆ ಸಾಮಿ? ಹತ್ತು ರೂಪಾಯಿ ಕೊಡಿ" ಎಂದಳು. ಕೊಟ್ಟೆ.

ಅವತ್ತು ಗೊತ್ತಾಯಿತು, ನಾವು ಅರವತ್ತು ಲಕ್ಷ ಕೊಟ್ಟು ಕೊಂಡ ಆ ಭಾನುವಾರದ 'ಏನೂ ಇಲ್ಲ' ಊರಿನ ಪ್ರಶಾಂತತೆಯಲ್ಲ. ಒಂದು ಗದ್ದಲ ಎದ್ದುಹೋಗಿ ಇನ್ನೊಂದು ಬಂದು ಕೂರುವ ನಡುವಿನ ಬಿಡುವು. ಅಷ್ಟಭೋಗ ಬರೆದ ಕರಣಿಕರಿಗೆ ಇದು ಗೊತ್ತಿತ್ತು. ಜನ ಇರುವ ಜಾಗದಲ್ಲಿ ಸದ್ದು ಇರುತ್ತದೆ. ಸದ್ದಿಲ್ಲದ ಜಾಗದಲ್ಲಿ ಸೈಟಿನ ಕಲ್ಲು ಇರುತ್ತದೆ.

ಇಷ್ಟು ಕೇಳಿಯೂ ನೀವು ಸೈಟು ನೋಡಲು ಹೊರಟಿದ್ದರೆ, ನನ್ನದೊಂದು ಕಿವಿಮಾತು. ಭಾನುವಾರ ಹನ್ನೊಂದಕ್ಕೆ ಹೋಗಬೇಡಿ. ಸೋಮವಾರ ಬೆಳಿಗ್ಗೆ ಎಂಟೂವರೆಗೆ ಹೋಗಿ. ಜೋರು ಮಳೆ ಬಂದ ಮರುದಿನ ಹೋಗಿ, ನೀರು ಯಾವ ಕಡೆ ಹರಿದಿದೆ ಎಂದು ಬ್ರೋಕರನ್ನಲ್ಲ, ನೆಲವನ್ನು ಕೇಳಿ. ರಾತ್ರಿ ಒಂದಕ್ಕೆ ಒಮ್ಮೆ ಹೋಗಿ. ಕಾಗದವನ್ನು ವಕೀಲರಿಗೆ ತೋರಿಸಿ, ಬೀದಿಯ ವಿಷಯ ಸೊಪ್ಪಿನ ಅಜ್ಜಿಯನ್ನು ಕೇಳಿ. ನಮ್ಮ ಎದುರಿನ ಸಾಲಿನಲ್ಲಿ ಇನ್ನೂ ಎರಡು ಸೈಟು ಖಾಲಿ ಇವೆ, ಎಮ್ಮೆಯೂ ಇದೆ. ಬರುವುದಾದರೆ ಬನ್ನಿ, ಕಾಫಿ ಕೊಡುತ್ತೇವೆ. ಬೋರ್‌ವೆಲ್ ಮಾತ್ರ ದಯವಿಟ್ಟು ಹಗಲು ಕೊರೆಸಿ.